ಮೂಕವಾದ ವೈ-ಫೈಗೆ ಮಾತು ಬರಿಸುವ ಬಗೆ

ನಗರದ ಅಣ್ಣನ ಮನೆಯಲ್ಲಿ ಮೂಲೆಗುಂಪಾಗಿದ್ದ ಲ್ಯಾಪ್‌ಟಾಪೊಂದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಓದುತ್ತಿರುವ ತಂಗಿಯ ಕೈ ಸೇರಿತೆನ್ನಿ. ಹೊಸ ವಿಂಡೋಸಿನ ಭಾರವನ್ನು ಆ ಮುದಿಯಂತ್ರ ತಾಳದೆಂದು ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಅದಕ್ಕೆ ಅಳವಡಿಸಿದ್ದಾಯಿತು. ಪರದೆ ಬೆಳಗಿತು, ಕನ್ನಡದ ಅಕ್ಷರಗಳೂ ಮೂಡಿದವು. ವೈ-ಫೈ ಮಾತ್ರ ಮೂಕ! ಹೊಸ ಯಂತ್ರ ಕೊಳ್ಳಲು ಶಕ್ತಿಯಿಲ್ಲದ ಮನೆಯಲ್ಲಿ ಇದು ಸಣ್ಣ ಸಂಕಟವಲ್ಲ. ಆದರೆ ಇಂಥ ಮೌನಕ್ಕೆ ಅನೇಕ ವೇಳೆ ಕಾರಣ ಯಂತ್ರದ ಕೇಡಲ್ಲ, ಅದರೊಳಗಣ ಬೀಗ.

ವೈ-ಫೈ ಚಿಪ್ಪು ಕೆಲಸ ಮಾಡಲು ಎರಡು ವಸ್ತುಗಳು ಬೇಕು. ಒಂದು, ಚಿಪ್ಪಿನೊಡನೆ ಮಾತನಾಡಬಲ್ಲ ಡ್ರೈವರ್; ಇದು ಬಹುಮಟ್ಟಿಗೆ ಲಿನಕ್ಸಿನಲ್ಲೇ ಅಡಕವಾಗಿರುತ್ತದೆ. ಇನ್ನೊಂದು, ಚಿಪ್ಪಿಗೇ ಉಣಿಸಬೇಕಾದ ಫರ್ಮ್‌ವೇರ್. ಇದರ ಮರ್ಮವನ್ನು ತಯಾರಕರು ಬಿಟ್ಟುಕೊಡುವುದಿಲ್ಲ. ಎಲ್ಲರೂ ಓದಿ ತಿದ್ದಬಲ್ಲ ತಂತ್ರಾಂಶವನ್ನಷ್ಟೇ ಹಂಚುವೆವೆಂದು ವ್ರತ ತೊಟ್ಟ ಡೆಬಿಯನ್ ಬಳಗವು ಬಹುಕಾಲ ಅದನ್ನು ತನ್ನ ಅಧಿಕೃತ ಸ್ಥಾಪನಾ ಮುದ್ರಿಕೆಯಿಂದ ಹೊರಗಿಟ್ಟಿತ್ತು.

ಫರ್ಮ್‌ವೇರ್ ತರಲು ಅಂತರ್ಜಾಲ ಬೇಕು, ಅಂತರ್ಜಾಲ ಸಿಗಲು ಫರ್ಮ್‌ವೇರ್ ಬೇಕು! ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಪರಿಹಾರ ಮಾತ್ರ ಅಂಗೈಯಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿನ ತಂತಿಯಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗಿನಲ್ಲಿ 'ಯುಎಸ್‌ಬಿ ಟೆದರಿಂಗ್' ಆರಿಸಿದರೆ ಸಾಕು. ಲಿನಕ್ಸು ಅದನ್ನು ತಂತಿಯ ಜಾಲವೆಂದೇ ಬಗೆದು ಸಂಪರ್ಕ ಪಡೆಯುತ್ತದೆ.

ಅದಕ್ಕೂ ಮೊದಲು ಲ್ಯಾಪ್‌ಟಾಪಿನ ಪಕ್ಕದಲ್ಲಿ ವೈ-ಫೈ ಗುಂಡಿಯೇನಾದರೂ ಆರಿದೆಯೇ ಎಂದು ನೋಡುವುದು ಜಾಣತನ. ಅನಂತರ ಟರ್ಮಿನಲ್ಲಿನಲ್ಲಿ 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆ ಕೊಟ್ಟರೆ ಚಿಪ್ಪು ಇಂಟೆಲ್ಲಿನದೋ, ರಿಯಲ್‌ಟೆಕ್ಕಿನದೋ, ಬ್ರಾಡ್‌ಕಾಮಿನದೋ ತಿಳಿಯುತ್ತದೆ. ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆದರೆ ಹಳೆಯ ಬ್ರಾಡ್‌ಕಾಮ್ ಚಿಪ್ಪುಗಳಿಗೆ ಬೇಕಾದುದು ಸಾಮಾನ್ಯವಾಗಿ ಅಲ್ಲೇ ಕಾಣಸಿಗುತ್ತದೆ. ಅದನ್ನು ಆರಿಸಿ, ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಸುತ್ತಲಿನ ಜಾಲಗಳ ಹೆಸರು ಪರದೆಯ ಮೇಲೆ ಮೂಡುತ್ತವೆ. ಗುಪ್ತಪದವನ್ನು ಒಮ್ಮೆ ಕೊಟ್ಟರೆ ಮುಂದೆ ಅದು ನೆನಪಿಟ್ಟುಕೊಳ್ಳುತ್ತದೆ.

ಈ ಸೌಕರ್ಯ ತಾನಾಗಿ ಒದಗಿದ್ದಲ್ಲ. ತಯಾರಕರು ಗುಟ್ಟು ಬಿಡದಿದ್ದಾಗ ಸ್ವಯಂಸೇವಕರು ಬ್ರಾಡ್‌ಕಾಮ್ ಚಿಪ್ಪಿನ ನಡೆಯನ್ನೇ ಅಭ್ಯಸಿಸಿ ಡ್ರೈವರ್ ರಚಿಸಿದರು. 2010ರಲ್ಲಿ ಆ ಸಂಸ್ಥೆಯೇ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರನ್ನು ಹೊರತಂದಿತು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ತಮ್ಮ ವ್ರತವನ್ನು ತುಸು ಸಡಿಲಿಸಿದರು. 2023ರ ಜೂನಿನಲ್ಲಿ ಬಂದ 12ನೆಯ ಆವೃತ್ತಿಯಿಂದ ಫರ್ಮ್‌ವೇರ್ ಸ್ಥಾಪನಾ ಮುದ್ರಿಕೆಯೊಡನೆಯೇ ಬರುತ್ತಿದೆ. ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಹೊರಟವರು ಒಂದು ಸಂಜೆಯ ಬಿಡುವನ್ನು ಇದಕ್ಕೆ ಮೀಸಲಿಟ್ಟರೆ ನಷ್ಟವೇನೂ ಇಲ್ಲ.