ಕುಂಡದ ಕಳ್ಳಿ, ಮನೆಯ ಬೆಕ್ಕು

ಕಂಬಂ ಕಣಿವೆಯ ಕನ್ನಡ ಒಕ್ಕಲುಮಕ್ಕಳು ದನ ಸಾಕುವುದರಲ್ಲಿ ಹಿಂದಿನಿಂದಲೂ ಹೆಸರಾದವರು. ಕಂಬಂನ ದೇವರ ದನಗಳ ಹಿಂಡಿನ ವಿಚಾರ 1906ರ ಮದುರೆ ಜಿಲ್ಲೆಯ ಗ್ಯಾಸೆಟಿಯರಿನಲ್ಲಿಯೇ ಬಂದಿದೆ. ದನಕ್ಕೆ ಯಾವ ಸೊಪ್ಪು ಆಗದೆಂಬುದು ಇಂಥ ಮನೆಗಳಲ್ಲಿ ಹುಡುಗರಿಗೂ ಗೊತ್ತು. ಆದರೆ ಕಾಳಿನ ಮೂಟೆಗೆ ಕಾವಲಾಗಿ ಇಲಿ ಹಿಡಿಯುವ ಬೆಕ್ಕಿಗೆ ಯಾವ ಗಿಡ ಆಗದೆಂಬುದನ್ನು ಯೋಚಿಸುವವರು ಕಡಿಮೆ. ಬೆಕ್ಕು ಸತ್ತರೆ ಹಾವು ಕಚ್ಚಿತೆಂದೋ, ಇಲಿಪಾಷಾಣ ತಿಂದಿತೆಂದೋ ಹೇಳಿ ಸುಮ್ಮನಾಗುತ್ತೇವೆ. ಜಗಲಿಯ ಮೇಲಿನ ಕುಂಡವನ್ನು ಯಾರೂ ನೋಡುವುದಿಲ್ಲ.

ತೇನಿ, ದಿಂಡಿಗಲ್ ಕಡೆಯದು ಕಳ್ಳಿಯ ಸೀಮೆ. ವೈಗೈ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡ ಹಳ್ಳಿಗರನ್ನು ಕುರಿತು ವೈರಮುತ್ತು ಅವರು ಬರೆದ, 2003ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿಯ ಹೆಸರೇ ‘ಕಳ್ಳಿಕ್ಕಾಟ್ಟು ಇತಿಹಾಸಂ’. ದನಕರು ಬಾಯಿ ಹಾಕುವುದಿಲ್ಲವೆಂದೇ ಹಿರಿಯರು ಕಳ್ಳಿಯನ್ನು ಬೇಲಿಗೆ ನೆಟ್ಟರು. ಈಗ ಕಳ್ಳಿಯೂ ಅದರಂತೆ ದಪ್ಪ ಎಲೆ, ದಪ್ಪ ಕಾಂಡವುಳ್ಳ ಇತರ ಗಿಡಗಳೂ ಅಂದದ ಕುಂಡಗಳಲ್ಲಿ ಮನೆಯೊಳಗೆ ಬಂದಿವೆ. ನೀರು ಕಡಿಮೆ ಸಾಕು, ನೋಡಲು ಚೆಂದ. ಆದರೆ ಅವುಗಳಲ್ಲಿ ಹಲವು ಬೆಕ್ಕಿಗೆ ವಿಷ. ಬೆಕ್ಕಿಗೆ ಹಸುರನ್ನು ಕಡಿಯುವ ಸ್ವಭಾವ ಹುಟ್ಟಿನಿಂದಲೇ ಉಂಟು. ಮರಿಗಳಂತೂ ಅಲುಗಾಡುವುದನ್ನೆಲ್ಲಾ ಕಚ್ಚುತ್ತವೆ.

ಯಾವ ಗಿಡ, ಏನು ಕೇಡು?

ಕಾಡುಬಸಳೆ (ತಮಿಳಿನಲ್ಲಿ ರಣಕಳ್ಳಿ): ಎಲೆಯ ಅಂಚಿನಲ್ಲೇ ಮರಿಸಸಿ ಹುಟ್ಟುವ ಗಿಡ. ಇದೂ, ಗೊಂಚಲು ಹೂ ಬಿಡುವ ಕಲಂಚೊ ಗಿಡವೂ ಒಂದೇ ಬಳಗದವು. ಇವುಗಳ ವಿಷ ಹೃದಯಕ್ಕೆ ತಗಲುತ್ತದೆ. ಹೂವಿನಲ್ಲಿ ಅದು ಹೆಚ್ಚು. ಮೊದಲು ಜೊಲ್ಲು, ವಾಂತಿ, ಭೇದಿ. ಬಳಿಕ ನಿತ್ರಾಣ, ನಾಡಿಯ ಏರುಪೇರು. ಇದೇ ಬಳಗದ ಇನ್ನೊಂದು ಗಿಡವನ್ನು ಮೇದು 1997ರಲ್ಲಿ ಆಸ್ಟ್ರೇಲಿಯದ ಮೋರೀ ಎಂಬಲ್ಲಿ 125 ದನಗಳು ಸತ್ತವು. ಬುಡ ಊದಿಕೊಂಡು ಕೆಂಪು ಹೂ ಬಿಡುವ ಅಡೀನಿಯಂ ಗಿಡದ ರಸವೂ ಹೃದಯಕ್ಕೇ ಕೇಡು.

ಜಡೆಕಳ್ಳಿ, ಕೊಂಬುಕಳ್ಳಿ (ಚದುರಕಳ್ಳಿ, ತಿರುಗುಕಳ್ಳಿ): ಇವುಗಳ ಹಾಲು ಬಾಯಿ, ಹೊಟ್ಟೆಗಳನ್ನು ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಲೋಳೆಸರ (ಸೋತ್ತುಕತ್ತಾಳೈ): ಒಳಗಿನ ಬಿಳಿ ಲೋಳೆಯಲ್ಲ, ಸಿಪ್ಪೆಯಡಿಯ ಹಳದಿ ರಸವೇ ಮುಖ್ಯ ದೋಷಿ. ವಾಂತಿ, ಭೇದಿ, ಮಂಕು ಬರುತ್ತವೆ. ದೃಷ್ಟಿ ತಾಕದಿರಲೆಂದು ಬಾಗಿಲಿಗೆ ಕಟ್ಟಿದ ಗಿಡದಿಂದ ಉದುರಿದ ತುಂಡುಗಳನ್ನು ಕೂಡಲೇ ಗುಡಿಸಿ ತೆಗೆಯಬೇಕು.

ಮಂಜಿನನಾರು (ಮರುಳ್), ಜೇಡ್ ಗಿಡ: ಇವು ಸಾಮಾನ್ಯವಾಗಿ ಪ್ರಾಣ ತೆಗೆಯುವುದಿಲ್ಲ; ವಾಂತಿ ಮಾಡಿಸಿ ಬೆಕ್ಕನ್ನು ಮಂಕಾಗಿಸುತ್ತವೆ.

ಇವುಗಳಲ್ಲಿ ಕೆಲವು ನಮ್ಮ ಮನೆಮದ್ದಿನ ಗಿಡಗಳೇ. ಆ ನಂಬಿಕೆಯಿಂದಲೇ ಮೋಸ ಹೋಗುತ್ತೇವೆ. ಮನುಷ್ಯನ ಮದ್ದು ಬೆಕ್ಕಿನ ಮದ್ದಲ್ಲ. ಬೆಕ್ಕಿನ ಗಾಯಕ್ಕೆ ಲೋಳೆಸರ ಬಳಿದರೆ ಅದು ನೆಕ್ಕಿ ನುಂಗುತ್ತದೆ.

ತಿಂದುಬಿಟ್ಟರೆ

ಬಾಯಲ್ಲಿರುವ ಚೂರುಗಳನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ. ಕಣ್ಣಿಗೆ ಕಳ್ಳಿಹಾಲು ಬಿದ್ದಿದ್ದರೆ ಕಾಲು ಗಂಟೆಯವರೆಗೆ ಶುದ್ಧ ನೀರು ಹಾಯಿಸಿ. ಮೈಗೆ ತಗಲಿದ್ದರೆ ಬೆಕ್ಕು ನೆಕ್ಕುವ ಮೊದಲೇ ಸಾಬೂನಿನಿಂದ ತೊಳೆಯಿರಿ. ನಿಮ್ಮ ಕೈಗೆ ಚೀಲ ಸುತ್ತಿಕೊಂಡಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು; ಉಪ್ಪೇ ವಿಷವಾದೀತು. ಎಣ್ಣೆ ಹುಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿದೀತು. ಕಾಡುಬಸಳೆ, ಕಲಂಚೊ, ಅಡೀನಿಯಂ ತಿಂದಿದ್ದರೆ ರೋಗಲಕ್ಷಣಕ್ಕಾಗಿ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ತೇನಿಯವರಿಗೆ ವೀರಪಾಂಡಿಯಲ್ಲಿ 2020ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜು ಇದೆ. ಉಳಿದವರಿಗೆ ಸಮೀಪದ ಸರಕಾರಿ ಪಶುವೈದ್ಯಶಾಲೆ. ಗಿಡದ ಒಂದು ಕಡ್ಡಿಯನ್ನೂ ಜೊತೆಗೆ ಒಯ್ಯಿರಿ. ವೈದ್ಯರಿಗೆ ಗಿಡದ ತಮಿಳು ಹೆಸರನ್ನೇ ಹೇಳಿರಿ. ಅದಕ್ಕಾಗಿಯೇ ಮೇಲೆ ಆ ಹೆಸರುಗಳನ್ನೂ ಕೊಟ್ಟಿದೆ.

ಬಾರದಂತೆ ತಡೆಯುವುದು

ಕುಂಡವನ್ನು ಅಟ್ಟದ ಮೇಲಿಟ್ಟರೆ ಸಾಕೆನ್ನುವುದು ತಪ್ಪು. ಬೆಕ್ಕು ಹತ್ತದ ಎತ್ತರವಿಲ್ಲ. ಹಾಲು ಸುರಿಸುವ ಗಿಡಗಳನ್ನೂ ಕಾಡುಬಸಳೆಯನ್ನೂ ಮನೆಯಿಂದಲೇ ಹೊರಹಾಕಿ. ಕತ್ತರಿಸಿದ ತುಂಡುಗಳನ್ನು ಕೊಟ್ಟಿಗೆಯ ತಿಪ್ಪೆಗೆ ಎಸೆಯದೆ ಹೂಳಿರಿ. ಅಂದಕ್ಕೆ ಕುಂಡ ಬೇಕೇ ಬೇಕೆಂದರೆ ಗುಲಾಬಿಯಂತೆ ಎಲೆ ಜೋಡಿಸಿದ ಎಚೆವೇರಿಯ, ಚಿಕ್ಕ ಲೋಳೆಸರದಂತೆ ಕಾಣುವ ಹಾವರ್ತಿಯ ತನ್ನಿರಿ. ಇವು ಬೆಕ್ಕಿಗೆ ವಿಷವಲ್ಲ. ಪಾಪಾಸುಕಳ್ಳಿಯಲ್ಲಿ ವಿಷವಿಲ್ಲ, ಮುಳ್ಳಿನ ಭಯ ಮಾತ್ರ.

ಬೆಕ್ಕಿಗೆಂದೇ ಒಂದು ಒಡೆದ ಮಡಕೆಯಲ್ಲಿ ಗರಿಕೆಯನ್ನೋ ಗೋಧಿಯ ಮೊಳಕೆಯನ್ನೋ ಬೆಳೆಸಿರಿ. ಔಷಧ ಸಿಂಪಡಿಸಿದ ದ್ರಾಕ್ಷಿ ತೋಟದ ಹುಲ್ಲು ಬೇಡ. ಜೋಳದ ಎಳೆ ಪೈರೂ ಬೇಡ. ಅದರ ವಿಷ ದನ ಸಾಕಿದವರಿಗೆ ಹೊಸತಲ್ಲ. ಕಡಿಯಲು ತನ್ನದೇ ಹುಲ್ಲು ಸಿಕ್ಕಿದ ಬೆಕ್ಕು ಬೇರೆ ಗಿಡಕ್ಕೆ ಬಾಯಿ ಹಾಕುವುದು ಕಡಿಮೆ. ಖರ್ಚು ಒಂದು ಹಿಡಿ ಗೋಧಿ. ಉಳಿಯುವುದು ಕಾಳಿನ ಮೂಟೆಯ ಕಾವಲು.