“ಮುಟ್ಟಬ್ಯಾಡ್ರೀ, ಕೇಸಾಗ್ತದ”

ಕಬ್ಬಿನ ಹಂಗಾಮು ಬಂತೆಂದರೆ ತೇರದಾಳ, ರಬಕವಿ, ಜಮಖಂಡಿ ರಸ್ತೆಗಳಲ್ಲಿ ರಾತ್ರಿಯೂ ಡಬಲ್ ಟ್ರೇಲರ್ ಟ್ರ್ಯಾಕ್ಟರುಗಳು. ಹಿಂದೆ ಕೆಂಪು ದೀಪವಿಲ್ಲದ ಟ್ರೇಲರಿಗೆ ಬೈಕು ಬಡಿದು ಒಬ್ಬ ಬಿದ್ದರೆ ಸುತ್ತ ಜನ ನೆರೆಯುತ್ತಾರೆ. ಯಾರೋ ಒಬ್ಬರು ಅಂದೇ ಅನ್ನುತ್ತಾರೆ: “ಮುಟ್ಟಬ್ಯಾಡ್ರೀ, ಪೊಲೀಸರು ಬರ್ಲಿ. ಆಮ್ಯಾಲ ಕೋರ್ಟಿಗೆ ಅಡ್ಡಾಡೋರು ಯಾರು?” ಹೀಗನ್ನುವವರು ಕಲ್ಲೆದೆಯವರಲ್ಲ. ಠಾಣೆಯ ಬೆಂಚಿನ ಮೇಲೆ ಕೂತು ಬಂದವರ ಕಥೆ ಕೇಳಿ ಬೆಳೆದವರು. ಆ ಅಂಜಿಕೆಗೆ ಒಂದು ಕಾಲದಲ್ಲಿ ಕಾರಣವಿತ್ತು. ಇವತ್ತಿನ ಕಾನೂನು ಅದನ್ನು ತೆಗೆದುಹಾಕಿದೆ.

ನೆರವಾದವರನ್ನು ಕಾಯುವ ಕೇಂದ್ರದ ಮಾರ್ಗಸೂಚಿಗಳನ್ನು 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಇದಕ್ಕೆಂದೇ ಸ್ವಂತ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು, 2020ರಲ್ಲಿ ಅದರ ನಿಯಮಗಳು ಬಂದವು. ಇವುಗಳ ಪ್ರಕಾರ ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಒಪ್ಪಿದರೂ ನಿಮಗೆ ಅನುಕೂಲವಾದ ಜಾಗದಲ್ಲಿ, ಒಂದೇ ಸಲ ಕೇಳಿ ಮುಗಿಸಬೇಕು.

“ನನ್ನ ಕೈಯಾಗ ಸತ್ರ?” ಎನ್ನುವುದು ಇದಕ್ಕಿಂತ ದೊಡ್ಡ ಭಯ. ಪ್ರತಿಫಲ ಬಯಸದೆ ಒಳ್ಳೆಯ ಮನಸ್ಸಿನಿಂದ ಆರೈಕೆ ಮಾಡುವಾಗ ಏನಾದರೂ ತಪ್ಪಿ ಗಾಯಾಳು ತೀರಿಕೊಂಡರೂ ನಿಮ್ಮ ಮೇಲೆ ಸಿವಿಲ್ ದಾವೆಯಾಗಲಿ ಕ್ರಿಮಿನಲ್ ಮೊಕದ್ದಮೆಯಾಗಲಿ ನಿಲ್ಲದು ಎನ್ನುತ್ತದೆ 134ಎ. ಅದು ರಸ್ತೆ ಅಪಘಾತದ ಮಾತು, ನಿಜ. ಹಾಗಾದರೆ ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಕರೆಂಟು ಹೊಡೆದವನು? ಕೃಷ್ಣೆಯಿಂದ ಎಳೆದು ತಂದ ಹುಡುಗ? ಅವರಿಗೆ ನೆರವಾಗುವವರ ಬೆನ್ನಿಗೆ 1860ರಿಂದಲೂ ದಂಡಸಂಹಿತೆ ಇದೆ. ಅಂದಿನ 92ನೇ ಕಲಂ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ. ಅದರೊಳಗಿನ ಒಂದು ಉದಾಹರಣೆ ನನಗೆ ಬಹಳ ಹಿಡಿಸುತ್ತದೆ. ಒಬ್ಬನನ್ನು ಹುಲಿ ಹೊತ್ತೊಯ್ಯುತ್ತಿದೆ. ಬಿಡಿಸಲೆಂದೇ ಇನ್ನೊಬ್ಬ ಗುಂಡು ಹಾರಿಸುತ್ತಾನೆ. ಗುಂಡು ಆ ಮನುಷ್ಯನಿಗೇ ತಗಲಿ ಪ್ರಾಣಕ್ಕೆ ಕುತ್ತಾಗುತ್ತದೆ. ಹಾರಿಸಿದವನು ಅಪರಾಧಿಯಲ್ಲ. ಕಾನೂನು ನೋಡುವುದು ಅವನ ಉದ್ದೇಶವನ್ನು.

“ದವಾಖಾನ್ಯಾಗ ರೊಕ್ಕ ನಮ್ಮನ್ನ ಕೇಳ್ತಾರ” ಎಂಬುದೂ ಬೇಡ. ಗಾಯಾಳುವಿನ ಸಂಬಂಧಿಕರಲ್ಲದವರಿಂದ ದಾಖಲಾತಿ ಹಣ ಕೇಳುವಂತಿಲ್ಲ, ಅವರನ್ನು ತಡೆದು ಕೂರಿಸುವಂತಿಲ್ಲ. ಪೊಲೀಸರ ಕಾಗದ ಬರಲೆಂದು ಡಾಕ್ಟರು ಕಾಯಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2016ರಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕು ದೇಹ ತುಂಡಾದರೂ ಅಂಗದಾನ ಮಾಡಿಸಿರೆಂದು ಬೇಡಿಕೊಂಡ ಹರೀಶ್ ಅವರ ಹೆಸರಿನಲ್ಲಿ ನಮ್ಮ ಸರ್ಕಾರ ಸಾಂತ್ವನ ಯೋಜನೆ ತಂದಿತು. ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು ಅದರಲ್ಲಿತ್ತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು: ಗುದ್ದಿದ ಚಾಲಕನೇ ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ಈ ರಕ್ಷಣೆಯಿಂದ ಅವನ ಮೇಲಿನ ಕೇಸು ಹೋಗದು. ಚಿಕಿತ್ಸೆ ಕೊಡಿಸುವುದು 134ನೇ ಕಲಮಿನಡಿ ಅವನ ಕರ್ತವ್ಯ. ಜನ ಮೈಮೇಲೆ ಬೀಳುವಂತಿದ್ದರೆ ಇಲ್ಲವೇ ಅವನ ಕೈಮೀರಿದ ಬೇರೆ ಕಾರಣವಿದ್ದರೆ ಮಾತ್ರ ಅದಕ್ಕೆ ವಿನಾಯಿತಿ.

ಮತ್ತೆ, ಪುಣ್ಯ ಬರಲೆಂದು ಎಚ್ಚರ ತಪ್ಪಿದವರ ಬಾಯಿಗೆ ನೀರು ಬಿಡಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ರಕ್ತ ಸುರಿಯುವಲ್ಲಿ ಹೆಗಲ ಮೇಲಿನ ಟವೆಲ್ಲನ್ನೇ ಮಡಚಿ ಒತ್ತಿ ಹಿಡಿಯಿರಿ. 108 ಬರುವವರೆಗೆ ಕೈ ತೆಗೆಯಬೇಡಿ.