ಹಳೇ ಕಾರಿನ ಹೆಡ್‌ಲೈಟ್ ಕೈಕೊಟ್ಟಾಗ...

ಆಫೀಸು ಮುಗಿಸಿ, ಟ್ಯೂಷನ್‌ನಿಂದ ಮಗಳನ್ನು ಕರೆದುಕೊಂಡು ಹೊರಡುವಷ್ಟರಲ್ಲಿ ಕತ್ತಲಾಗಿದೆ. ಜೊತೆಗೆ ಜಿಟಿಜಿಟಿ ಮಳೆ. ಹೆಡ್‌ಲೈಟ್ ಹಾಕಿದರೆ ಒಂದೇ ಕಡೆ ಬೆಳಕು, ಅದೂ ಮಂಕು. ಎದುರಿಗೆ ಬರುವವರು ನಿಮ್ಮ ಕಾರನ್ನು ಬೈಕ್ ಅಂದುಕೊಂಡು ತೀರಾ ಹತ್ತಿರಕ್ಕೆ ನುಗ್ಗುತ್ತಾರೆ. ಎದೆ ಧಸಕ್ ಅನ್ನುತ್ತೆ ಅಲ್ವಾ?

ಮಾರನೇ ದಿನ ಗ್ಯಾರೇಜಿಗೆ ಹೋದರೆ 'ವೈರಿಂಗ್ ಪೂರ್ತಿ ಹೋಗಿದೆ ಮೇಡಂ' ಎಂಬ ಮಾತು. ನಮಗೆ ಗೊತ್ತಿಲ್ಲದ ವಿಷಯ, ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತೇವೆ. ನಮ್ಮ ಮನೆಯ 15 ವರ್ಷದ ಕಾರಿಗೂ ಹೀಗೇ ಆಗಿತ್ತು. ಎಡಗಡೆ ದೀಪ ಮಂಕು ಅಂತ ಎರಡು ಸಲ ಬಲ್ಬ್ ಬದಲಾಯಿಸಿದ್ದಾಯ್ತು. ಆಮೇಲೆ ಬ್ಯಾಟರಿಯೇ ಹೋಗಿದೆ ಅಂದರು. ಕೊನೆಗೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಒಂದೇ ಒಂದು ಸ್ಕ್ರೂ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿ ಮಾಡಿದರು. ದೀಪ ಝಗ್ ಅಂತ ಹತ್ತಿಕೊಂಡಿತು! ಕೆಟ್ಟಿದ್ದು ಬಲ್ಬೂ ಅಲ್ಲ, ಬ್ಯಾಟರಿಯೂ ಅಲ್ಲ, ಅರ್ಥ್ ವೈರು.

ರಿಪೇರಿಯನ್ನು ನೀವೇ ಮಾಡಬೇಕೆಂದಿಲ್ಲ. ಆದರೆ ತೊಂದರೆ ಎಲ್ಲಿದೆ ಅನ್ನೋದು ಗೊತ್ತಿದ್ದರೆ ಯಾರೂ ಸುಲಭವಾಗಿ ಟೋಪಿ ಹಾಕಲಾರರು.

ಮೊದಲು ಗಮನಿಸಿ

ಕಾರನ್ನು ಗೋಡೆಯ ಎದುರು ನಿಲ್ಲಿಸಿ, ಹೆಡ್‌ಲೈಟ್ ಹಾಕಿ. ಡಿಮ್, ಬ್ರೈಟ್ ಎರಡನ್ನೂ ಹಾಕಿ ನೋಡಿ. ಅರ್ಧ ಉತ್ತರ ಗೋಡೆಯ ಮೇಲೇ ಸಿಗುತ್ತೆ.

* ಒಂದು ಕಡೆ ಡಿಮ್ ಅಥವಾ ಬ್ರೈಟ್ ಮಾತ್ರ ಹೋಗಿದೆಯೇ? ಹಳೇ ಕಾರುಗಳಲ್ಲಿ ಸಾಮಾನ್ಯವಾಗಿರುವ ಎಚ್4 ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ. ಒಂದು ಸುಟ್ಟುಹೋಗಿರಬಹುದು. ಬಲ್ಬ್ ಬದಲಾಯಿಸಿದರೆ ಸಾಕು.

* ಒಂದು ಕಡೆ ಪೂರ್ತಿ ಕತ್ತಲೆಯೇ? ಆ ಬದಿಯ ಫ್ಯೂಸ್, ಬಲ್ಬಿನ ಹೋಲ್ಡರ್ ನೋಡಿಸಿ.

* ಎರಡೂ ಕಡೆ ಒಟ್ಟಿಗೇ ಹೋಗಿದೆಯೇ? ಎರಡು ಬಲ್ಬ್ ಒಂದೇ ಗಳಿಗೆಯಲ್ಲಿ ಸುಡುವುದು ಅಪರೂಪ. ಫ್ಯೂಸ್, ರಿಲೇ ಅಥವಾ ಸ್ವಿಚ್ ಮೇಲೆ ಅನುಮಾನ ಇರಲಿ.

* ಆಕ್ಸಿಲರೇಟರ್ ಒತ್ತಿದಾಗ ಬೆಳಕು ಜಾಸ್ತಿಯಾಗಿ, ಬಿಟ್ಟಾಗ ತೀರಾ ಮಂಕಾಗುತ್ತದೆಯೇ? ಬ್ಯಾಟರಿ ಟರ್ಮಿನಲ್, ಆಲ್ಟರ್ನೇಟರ್, ಅದರ ಬೆಲ್ಟ್ ಪರೀಕ್ಷಿಸಬೇಕು.

* ಒಂದು ಬದಿ ಮಾತ್ರ ಹಳದಿಯಾಗಿ, ಮಂಕಾಗಿ ಉರಿಯುತ್ತದೆಯೇ? ಅರ್ಥ್ ಸರಿಯಿಲ್ಲ, ಇಲ್ಲವೇ ಹೋಲ್ಡರ್‌ಗೆ ಕಿಲುಬು ಹಿಡಿದಿದೆ.

ಏನಿದು ಅರ್ಥ್?

ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬ್ ಬೆಳಗಿಸಿ, ಕಾರಿನ ಬಾಡಿಯ ಮೂಲಕ ವಾಪಸ್ ಬ್ಯಾಟರಿಗೆ ಸೇರಬೇಕು. ಸಿಂಕಿನ ಕೆಳಗಿನ ಪೈಪು ಕಟ್ಟಿಕೊಂಡರೆ ನಲ್ಲಿಯಲ್ಲಿ ಎಷ್ಟು ನೀರು ಬಂದು ಏನು ಪ್ರಯೋಜನ? ಹಾಗೆಯೇ ಇದೂ. ಬಾಡಿಗೆ ವೈರು ಸೇರುವ ಜಾಗದಲ್ಲಿ ತುಕ್ಕು ಹಿಡಿದರೆ ಬೆಳಕು ಸೊರಗುತ್ತದೆ. ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೂ ಬೆಳಕು ಸುಮಾರು ಶೇ 30ರಷ್ಟು ಕುಗ್ಗಿಬಿಡುತ್ತೆ.

ಇದನ್ನು ಪತ್ತೆ ಮಾಡೋದು ಕಷ್ಟವಲ್ಲ. ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬಲ್ಬಿನ ಅರ್ಥ್ ಪಿನ್ನಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಬೇಕು. ಸೊನ್ನೆಯ ಹತ್ತಿರ ತೋರಿಸಿದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್‌ನಲ್ಲೇ ತೊಂದರೆ. 'ಇಷ್ಟು ನೋಡಿ ಹೇಳಿ' ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿ. ತುಕ್ಕನ್ನು ಉಪ್ಪು ಕಾಗದದಿಂದ ಉಜ್ಜಿ ಬಿಗಿ ಮಾಡಲು ಹೆಚ್ಚು ಖರ್ಚೇನೂ ಇಲ್ಲ.

ಸ್ವಿಚ್ ಬಿಸಿಯಾಗುತ್ತಾ?

ತಲಾ 55 ವಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್ ಕರೆಂಟು ಬೇಕು. ರಿಲೇ ಇಲ್ಲದ ಹಳೇ ಕಾರುಗಳಲ್ಲಿ ಅಷ್ಟೂ ಕರೆಂಟು ಸ್ಟೀರಿಂಗ್ ಪಕ್ಕದ ಪುಟ್ಟ ಸ್ವಿಚ್ಚಿನ ಮೂಲಕವೇ ಹಾಯುತ್ತೆ. ವರ್ಷಗಟ್ಟಲೆ ಬಳಸಿದರೆ ಒಳಗಿನ ಪಾಯಿಂಟ್ ಸುಡುತ್ತೆ. ಸ್ವಿಚ್ ಬಿಸಿಯಾದರೆ, ಅಲ್ಲಾಡಿಸಿದಾಗ ದೀಪ ಮಿಣುಕಿದರೆ, ಸುಟ್ಟ ವಾಸನೆ ಬಂದರೆ ತಡಮಾಡಬೇಡಿ. ಸ್ವಿಚ್ ಬದಲಿಸುವಾಗಲೇ ರಿಲೇಯನ್ನೂ ಹಾಕಿಸಿ. ಆಗ ದೀಪದ ಕರೆಂಟು ಬ್ಯಾಟರಿಯಿಂದ ನೇರವಾಗಿ ಹೋಗುತ್ತೆ, ಸ್ವಿಚ್ಚಿಗೆ ಹೊರೆ ಇರೋದಿಲ್ಲ.

ಈ ತಪ್ಪು ಮಾಡಲೇಬೇಡಿ

* ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನ ಫ್ಯೂಸ್ ಹಾಕಿ. ಬ್ಲೇಡ್ ಫ್ಯೂಸ್‌ಗಳಲ್ಲಿ ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ, ತಂತಿ ಸುತ್ತಿ 'ಅಡ್ಜಸ್ಟ್' ಮಾಡಿಕೊಟ್ಟರೆ ಒಪ್ಪಬೇಡಿ. ಫ್ಯೂಸ್ ಇರೋದೇ ವೈರಿಗೆ ಬೆಂಕಿ ಹತ್ತದಿರಲಿ ಅಂತ.

* ಹೊಸ ಫ್ಯೂಸೂ ಹೋಯಿತೇ? ಎಲ್ಲೋ ವೈರು ಬಾಡಿಗೆ ತಾಗುತ್ತಿದೆ. ಕಾರನ್ನು ತುಂಬಾ ದಿನ ನಿಲ್ಲಿಸಿದ್ದರೆ ಇಲಿ ವೈರು ಕಡಿದಿದೆಯೇ ನೋಡಿಸಿ.

* ಬೆಳಕು ಸಾಲದು ಅಂತ 100 ವಾಟಿನ ಬಲ್ಬ್ ಹಾಕಿಸಬೇಡಿ. ಹೋಲ್ಡರ್ ಕರಗುತ್ತೆ, ಎದುರಿಗೆ ಬರುವವರ ಕಣ್ಣಿಗೂ ಕತ್ತಲೆ ಕವಿಯುತ್ತೆ.

* ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದರೆ ಬಲ್ಬ್ ಬೇಗ ಸಾಯುತ್ತೆ. ಬಟ್ಟೆ ಬಳಸಿ, ಲೋಹದ ಭಾಗದಲ್ಲಿ ಹಿಡಿಯಿರಿ. ಉರಿದ ಬಲ್ಬ್ ಪೂರ್ತಿ ಆರಲಿ.

* ವೈರು ಮುಟ್ಟುವ ಮೊದಲು ಇಂಜಿನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ.

ದಾರಿಯಲ್ಲೇ ಕೈಕೊಟ್ಟರೆ

ಗಾಬರಿ ಬೇಡ. ನಿಧಾನವಾಗಿ ಎಡಕ್ಕೆ ತೆಗೆದುಕೊಂಡು, ನಾಲ್ಕೂ ಇಂಡಿಕೇಟರ್ ಹಾಕಿ ನಿಲ್ಲಿಸಿ. ಡಿಮ್ ಹೋಗಿದ್ದರೆ ಬ್ರೈಟ್ ಉರಿಯುತ್ತದೆಯೇ ನೋಡಿ. ಎದುರಿನವರಿಗೆ ಕಣ್ಣು ಕುಕ್ಕುತ್ತೆ ನಿಜ. ಹಾಗಾಗಿ ಹತ್ತಿರದ ಬೆಳಕಿರುವ ಜಾಗದವರೆಗೆ ಮಾತ್ರ ಅದನ್ನು ಬಳಸಿ. ಫ್ಯೂಸ್ ಸುಟ್ಟಿದ್ದರೆ ರೇಡಿಯೊದ ಫ್ಯೂಸ್ ಅಷ್ಟೇ ಆಂಪಿಯರಿನದಾ ನೋಡಿ ತೆಗೆದು ಹಾಕಬಹುದು. ಮಳೆಗಾಲದಲ್ಲಿ ವೈಪರ್‌ನ ಫ್ಯೂಸಿಗೆ ಮಾತ್ರ ಕೈ ಹಾಕಬೇಡಿ! ಯಾವುದೂ ಆಗಲಿಲ್ಲವೇ? ದೀಪವಿಲ್ಲದೆ ಓಡಿಸುವ ಸಾಹಸ ಬೇಡ. ಮನೆಗೆ ಫೋನ್ ಮಾಡಿ, ಆಟೊ ಹಿಡಿದು ಹೋಗಿ. ಕಾರು ಬೆಳಿಗ್ಗೆವರೆಗೆ ಕಾಯುತ್ತೆ.

ಸ್ಕೂಟರ್ ಓಡಿಸುವವರಿಗೆ ಒಂದು ಮಾತು. ಹಲವು ಹಳೇ ಗೇರ್‌ಲೆಸ್ ಸ್ಕೂಟರ್‌ಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬರೋದು ಬ್ಯಾಟರಿಯಿಂದಲ್ಲ, ನೇರವಾಗಿ ಇಂಜಿನ್ನಿನ ಕಾಯಿಲ್‌ನಿಂದ. ಸಿಗ್ನಲ್‌ನಲ್ಲಿ ನಿಂತಾಗ ಅವು ಮಂಕಾಗುವುದು ಸಹಜ. ಅದಕ್ಕಾಗಿ ಬ್ಯಾಟರಿ ಬದಲಾಯಿಸಿ ದುಡ್ಡು ಕಳೆದುಕೊಳ್ಳಬೇಡಿ. ಪದೇ ಪದೇ ಬಲ್ಬ್ ಹೋಗುತ್ತಿದ್ದರೆ ರೆಗ್ಯುಲೇಟರ್ ನೋಡಿಸಿ.

ತಿಂಗಳಿಗೊಮ್ಮೆ ಗೋಡೆಯ ಮುಂದೆ ಎರಡು ನಿಮಿಷ ದೀಪ ಹಾಕಿ ನೋಡಿ. ಡ್ಯಾಶ್‌ಬೋರ್ಡ್ ಡ್ರಾಯರಿನಲ್ಲಿ ಒಂದು ಬಲ್ಬ್, ನಾಲ್ಕು ಫ್ಯೂಸ್, ಒಂದು ಟಾರ್ಚ್ ಇರಲಿ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ 'ದೀಪ ಹೋಗಿದೆ' ಅನ್ನಬೇಡಿ. 'ಎಡಗಡೆ ಮಂಕು, ಮೊದಲು ಅರ್ಥ್ ನೋಡಿ' ಅನ್ನಿ. ಅವರ ಮಾತಿನ ಧಾಟಿಯೇ ಬದಲಾಗುತ್ತೆ, ನೋಡ್ತಾ ಇರಿ!